ಪಿಕಪ್ಪಿನ ಬಾಗಿಲು ಮುಚ್ಚಿದ ಮೇಲೆ ಕೇಳಿದ ದನಿ: ಕಡಿಮೆ ಖರ್ಚಿನ ಸೌಂಡ್ ಸಿಸ್ಟಮ್ ಕೆಲಸದ ಟಿಪ್ಪಣಿ

ನನ್ನ ಬಳಿ ಇರುವುದು 2016ರ ಡಬಲ್ ಕ್ಯಾಬಿನ್ ಡೀಸೆಲ್ ಪಿಕಪ್. ಸೆಕೆಂಡ್ ಹ್ಯಾಂಡ್ ಆಗಿ ಕೊಂಡದ್ದು. ಅಡಿಕೆ ಸುಗ್ಗಿಯ ತಿಂಗಳುಗಳಲ್ಲಿ ಸಾಗರದ ಕಡೆಯಿಂದ ಶಿವಮೊಗ್ಗದ ಮಂಡಿಗೆ ವಾರಕ್ಕೊಮ್ಮೆಯಾದರೂ ಹೋಗಿಬರುತ್ತದೆ. ಒಂದು ದಿಕ್ಕಿಗೆ ಸುಮಾರು 70 ಕಿಲೋಮೀಟರ್ ಇರುವ ಈ ದಾರಿಯಲ್ಲಿ ನಾನು ಕೇಳುವುದು ಹೆಚ್ಚಾಗಿ ತಾಳಮದ್ದಳೆಯ ಧ್ವನಿಮುದ್ರಣಗಳನ್ನು. ಭಾಗವತರ ಪದ್ಯ, ಮದ್ದಳೆ, ಚಂಡೆ, ಅದರ ನಡುವೆ ಅರ್ಧ ಗಂಟೆಯಷ್ಟು ಎಳೆದು ಹೋಗುವ ಅರ್ಥಗಾರಿಕೆ. ಅರ್ಥಧಾರಿಯ ಒಂದು ಮಾತು ತಪ್ಪಿದರೆ ಮುಂದಿನ ಐದು ಮಾತುಗಳ ಸ್ವಾರಸ್ಯ ಕೆಡುತ್ತದೆ. ಗಾಡಿಯ ಜೊತೆಗೆ ಬಂದ ಕಂಪನಿ ಫಿಟ್ಟಿಂಗ್ ಸೆಟ್ಟಿನಲ್ಲಿ ಮೂರನೇ ಗೇರಿನಲ್ಲಿ ಏರು ಹತ್ತುವಾಗ ಮಾತು ಕೇಳಿಸುತ್ತಿರಲಿಲ್ಲ. ಕೇಳಲೆಂದು ವಾಲ್ಯೂಮ್ ಏರಿಸಿದರೆ ಎಡಬಾಗಿಲು ಜೇನುಹುಳುವಿನ ಹಾಗೆ ಗುಂಯ್‌ಗುಡುತ್ತಿತ್ತು. ಚಂಡೆ ಬಿದ್ದಾಗಲಂತೂ ತಗಡಿನ ಡಬ್ಬಕ್ಕೆ ಕೋಲಿನಿಂದ ಹೊಡೆದಂತಾಗುತ್ತಿತ್ತು.

ಇದಕ್ಕೆ 15,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಬಾರದೆಂದು ನಿರ್ಧರಿಸಿ ಕೆಲಸಕ್ಕೆ ಇಳಿದೆ. ಪೇಟೆಯ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ ದೊಡ್ಡ ಟಚ್ ಸ್ಕ್ರೀನ್ ಸೆಟ್ಟೊಂದನ್ನು ತೋರಿಸಿ, ಇದನ್ನು ಹಾಕಿದರೆ ಎಲ್ಲವೂ ಸರಿಯಾಗುತ್ತದೆಂದರು. ಡಬ್ಬಿಯ ಮೇಲೆ ‘50 ವ್ಯಾಟ್ × 4’ ಎಂದು ಬರೆದಿತ್ತು. ಆ ಸಂಖ್ಯೆಯನ್ನು ಒಂದು ಕಾಗದದ ತುಂಡಿನ ಮೇಲೆ ಲೆಕ್ಕ ಹಾಕಿದರೆ ಸಾಕು, ಅದು ಎಷ್ಟು ನಿಜವೆಂದು ತಿಳಿಯುತ್ತದೆ. ಎಂಜಿನ್ ಓಡುತ್ತಿರುವಾಗ ಗಾಡಿಯ ವಿದ್ಯುತ್ ಸುಮಾರು 14 ವೋಲ್ಟ್. ಸೆಟ್ಟಿನೊಳಗಿನ ಪುಟ್ಟ ಆಂಪ್ಲಿಫೈಯರ್ ಚಿಪ್‌ ಆ 14 ವೋಲ್ಟನ್ನು ಸ್ಪೀಕರಿನ ಎರಡೂ ತುದಿಗಳಿಂದ ಎಳೆದಾಡಿಸಿದರೂ, ಒಳನಷ್ಟವನ್ನು ಕಳೆದು ಉಳಿಯುವ ಶಿಖರ 12 ವೋಲ್ಟಿನ ಆಸುಪಾಸು, ಅಂದರೆ ಆರ್‌ಎಂಎಸ್ ಎಂಬ, ಏರಿಳಿಯುವ ಅಲೆಯ ಸರಾಸರಿ ಬಲದ ಲೆಕ್ಕದಲ್ಲಿ ಎಂಟೂವರೆ ವೋಲ್ಟ್. ಅದರ ವರ್ಗವನ್ನು ಸ್ಪೀಕರಿನ 4 ಓಮ್‌ನಿಂದ ಭಾಗಿಸಿದರೆ 18 ವ್ಯಾಟ್ ಬರುತ್ತದೆ. ಕಂಪನಿಯ ಹಳೆಯ ಸೆಟ್ಟಿನಲ್ಲಿಯೂ ಇಷ್ಟೇ ಇರುತ್ತದೆ, ಹೊಸ ಟಚ್ ಸ್ಕ್ರೀನಿನಲ್ಲಿಯೂ ಇಷ್ಟೇ. ಸೆಟ್ಟನ್ನು ಬದಲಿಸುವುದರಿಂದ ದನಿ ಬದಲಾಗುವುದಿಲ್ಲವೆಂದು ಖಚಿತವಾದ ಮೇಲೆ, ಯುಎಸ್‌ಬಿಯೂ ಫೋನಿನಂಥವನ್ನು ವೈರಿನಿಂದ ಸೇರಿಸುವ ಆಕ್ಸ್ ತೂತೂ ಇದ್ದ ಹಳೆಯ ಸೆಟ್ಟನ್ನೇ ಉಳಿಸಿಕೊಂಡೆ.

ಏನನ್ನಾದರೂ ಕೊಳ್ಳುವ ಮೊದಲು ಬಾಗಿಲನ್ನು ಬಿಚ್ಚಿ ನೋಡಬೇಕೆಂಬುದು ನನ್ನ ಹಟವಾಗಿತ್ತು. ಬ್ಯಾಟರಿಯ ನೆಗೆಟಿವ್ ತೆಗೆದಿಟ್ಟು, ಎಡಬಾಗಿಲಿನ ಹಿಡಿಕೆಯ ಎರಡು ಸ್ಕ್ರೂ, ಗ್ಲಾಸು ಏರಿಸುವ ಹ್ಯಾಂಡಲಿನ ಹಿಂದಿರುವ ಕುದುರೆಲಾಳದ ಆಕಾರದ ಕ್ಲಿಪ್ಪು, ಸುತ್ತಲಿನ ಪ್ಲಾಸ್ಟಿಕ್ ಕ್ಲಿಪ್ಪುಗಳು ಇಷ್ಟನ್ನು ಬಿಡಿಸಿದಾಗ ಡೋರ್ ಪ್ಯಾಡ್ ಕೈಗೆ ಬಂತು. ಆ ಕುದುರೆಲಾಳದ ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಎಬ್ಬಲು ಹೋಗಿ ಅದನ್ನು ಅಂಗಳದ ಹುಲ್ಲಿನಲ್ಲಿ ಕಳೆದುಕೊಳ್ಳುವುದಕ್ಕಿಂತ, ಹಳೆಯ ಬಟ್ಟೆಯ ಚೂರೊಂದನ್ನು ಹ್ಯಾಂಡಲಿನ ಹಿಂದೆ ಹಾಯಿಸಿ ಬೂಟು ಉಜ್ಜಿದಂತೆ ಆಚೀಚೆ ಎಳೆದರೆ ಅದು ತಾನಾಗಿ ಹೊರಬರುತ್ತದೆ.

ಒಳಗೆ ಕಂಡದ್ದು ಮೂರು ಸಂಗತಿಗಳು. ಮೊದಲನೆಯದಾಗಿ, ಸ್ಪೀಕರಿನ ಕಾಗದದ ಕೋನು ಮಳೆಗಾಲದ ತೇವಕ್ಕೆ ಹಪ್ಪಳದಂತೆ ಮೆತ್ತಗಾಗಿ, ಅಂಚಿನಲ್ಲಿ ಬೆರಳು ಹೋಗುವಷ್ಟು ಹರಿದಿತ್ತು. ಆ ಗುಂಯ್‌ಗುಡುವಿಕೆಯ ಮೂಲ ಅದೇ. ಎರಡನೆಯದಾಗಿ, ಬಾಗಿಲಿನ ಒಳತಗಡಿನಲ್ಲಿ ಗ್ಲಾಸಿನ ಯಂತ್ರವನ್ನು ರಿಪೇರಿ ಮಾಡಲೆಂದು ಬಿಟ್ಟಿರುವ ಊಟದ ತಟ್ಟೆಯಷ್ಟು ಅಗಲದ ತೂತನ್ನು ಮುಚ್ಚಿದ್ದ ಪ್ಲಾಸ್ಟಿಕ್ ಹಾಳೆಯನ್ನು ಹಿಂದೆ ಯಾರೋ ಕತ್ತರಿಸಿ ಹಾಗೆಯೇ ಬಿಟ್ಟಿದ್ದರು. ಮೂರನೆಯದು ನನಗೆ ಹೊಳೆದದ್ದು ಬಲಬಾಗಿಲನ್ನೂ ಬಿಚ್ಚಿದ ನಂತರ. ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ಸ್ಪೀಕರಿಗೆ ಹೋಗುವ ವೈರಿನ ತುದಿಗಳಿಗೆ ಕ್ಷಣಮಾತ್ರ ತಾಗಿಸಿದರೆ, ಪ್ಲಸ್ಸಿಗೆ ಪ್ಲಸ್ ಸಿಕ್ಕಿದಾಗ ಕೋನು ಹೊರಕ್ಕೆ ನೆಗೆಯಬೇಕು. ಎಡಗಡೆಯದು ಹೊರಕ್ಕೆ ನೆಗೆಯಿತು, ಬಲಗಡೆಯದು ಒಳಕ್ಕೆ ಸೇದಿಕೊಂಡಿತು. ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ಒಂದು ಬದಿಯ ವೈರನ್ನು ಅದಲುಬದಲು ಮಾಡಿ ಸುತ್ತಿದ್ದರು. ಹೀಗಾದಾಗ ಒಂದು ಸ್ಪೀಕರ್ ಗಾಳಿಯನ್ನು ತಳ್ಳುವ ಹೊತ್ತಿಗೆ ಇನ್ನೊಂದು ಎಳೆಯುತ್ತಿರುತ್ತದೆ. ತಗ್ಗಿನ ನಾದವೆಲ್ಲ ಕ್ಯಾಬಿನ್ನಿನಲ್ಲಿ ಪರಸ್ಪರ ಅಳಿಸಿಹೋಗುತ್ತದೆ, ಮಾತು ಎದುರಿನಿಂದ ಬರುವ ಬದಲು ಎಲ್ಲಿಂದಲೋ ಬಂದಂತೆ ಚದುರುತ್ತದೆ. ವೈರನ್ನು ಸರಿಮಾಡಿದ ಕೂಡಲೇ, ಹರಿದ ಸ್ಪೀಕರಿನಲ್ಲಿಯೂ ಮದ್ದಳೆಯ ‘ಧೋಂ’ ಮೊದಲ ಬಾರಿಗೆ ಕೇಳಿಸಿತು. ಒಂದು ರೂಪಾಯಿಯೂ ಖರ್ಚಾಗಿರಲಿಲ್ಲ.

ಆ ಸಂಜೆಯೇ ಖರ್ಚಿನ ಕ್ರಮವನ್ನು ತಿರುಗಿಸಿ ಬರೆದುಕೊಂಡೆ. ಸಾಮಾನ್ಯವಾಗಿ ಜನ ಸ್ಪೀಕರಿಗೆ ಹಣ ಸುರಿದು, ಉಳಿದರೆ ಬಾಗಿಲಿಗೆ ಏನಾದರೂ ಹಚ್ಚುತ್ತಾರೆ. ನನ್ನ ಪಟ್ಟಿಯಲ್ಲಿ ಬಾಗಿಲು ಮೊದಲು ಬಂತು.

ಕಾರಣ ಸರಳವಾಗಿದೆ. ಸ್ಪೀಕರಿನ ಕೋನು ಮುಂದಕ್ಕೆ ಚಲಿಸಿದಾಗ ಮುಂಬದಿಯಲ್ಲಿ ಗಾಳಿ ಒತ್ತುತ್ತದೆ, ಹಿಂಬದಿಯಲ್ಲಿ ಅಷ್ಟೇ ಪ್ರಮಾಣದಲ್ಲಿ ಸಡಿಲಾಗುತ್ತದೆ. ಬಾಗಿಲಿನ ಒಳತಗಡಿನಲ್ಲಿ ದೊಡ್ಡ ತೂತು ಇದ್ದರೆ ಹಿಂಬದಿಯ ಗಾಳಿ ಆ ದಾರಿಯಿಂದ ಸುತ್ತಿಬಂದು ಮುಂಬದಿಯ ಒತ್ತಡವನ್ನು ತುಂಬಿಬಿಡುತ್ತದೆ. ತಗ್ಗಿನ ನಾದದ ಅಲೆ ಉದ್ದವಾಗಿದ್ದು ನಿಧಾನವಾಗಿ ಏರಿಳಿಯುವುದರಿಂದ ಅದಕ್ಕೆ ಸುತ್ತಿಬರಲು ಬೇಕಾದಷ್ಟು ಸಮಯವಿರುತ್ತದೆ. ಎಷ್ಟು ದುಬಾರಿ ಸ್ಪೀಕರ್ ಹಾಕಿದರೂ ಈ ಸೋರಿಕೆ ನಿಲ್ಲದೆ ಬೇಸ್ ಬರುವುದಿಲ್ಲ. ಅದರ ಜೊತೆಗೆ ಹೊರತಗಡು ಬೇರೆ, ಬೆರಳಿನಿಂದ ಬಡಿದರೆ ‘ಟಣ್’ ಎನ್ನುವಷ್ಟು ತೆಳು. ಪ್ರತಿಯೊಂದು ಪೆಟ್ಟಿಗೂ ಅದು ತನ್ನದೊಂದು ಸ್ವರವನ್ನು ಸೇರಿಸುತ್ತದೆ.

ಬ್ಯೂಟೈಲ್ ರಬ್ಬರಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಡ್ಯಾಂಪಿಂಗ್ ಶೀಟನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದೆ. ಇದೇ ಬಗೆಯದೆಂದು ಹೇಳಿ ಡಾಂಬರಿನ ಹಾಳೆಯನ್ನು ಅರ್ಧ ಬೆಲೆಗೆ ಮಾರುವವರಿದ್ದಾರೆ. ಮೂಗಿನ ಹತ್ತಿರ ಹಿಡಿದರೆ ರಸ್ತೆಯ ಡಾಂಬರಿನ ವಾಸನೆ ಬರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನಿಂತ ಗಾಡಿಯಲ್ಲಿ ಅದು ಕರಗಿ ಜಾರಿ ಗ್ಲಾಸಿನ ಯಂತ್ರದ ಮೇಲೆ ಬೀಳುತ್ತದೆ. ಬ್ಯೂಟೈಲನ್ನು ಹಿಗ್ಗಿಸಿದರೆ ಚ್ಯೂಯಿಂಗ್ ಗಮ್ಮಿನಂತೆ ಎಳೆಯುತ್ತದೆ, ವಾಸನೆ ಅಷ್ಟಾಗಿ ಇರುವುದಿಲ್ಲ. ಹೊರತಗಡಿನ ಒಳಮೈಯನ್ನು ಮೊದಲು ಸೋಪಿನ ನೀರಿನಿಂದ, ಒಣಗಿದ ಮೇಲೆ ಥಿನ್ನರಿನಿಂದ ಒರೆಸಿ, ಶೀಟನ್ನು ಅಂಗೈ ಅಗಲದ ತುಂಡುಗಳಾಗಿ ಕತ್ತರಿಸಿ, ತಗಡಿನ ಮೂರನೇ ಒಂದು ಭಾಗದಷ್ಟು ಜಾಗಕ್ಕೆ ಮಾತ್ರ ಹಚ್ಚಿದೆ. ಪೂರ್ತಿ ಮುಚ್ಚಬೇಕಾಗಿಲ್ಲ, ತಗಡಿನ ನಡುಭಾಗದ ಕಂಪನ ನಿಂತರೆ ಉಳಿದದ್ದು ತಾನಾಗಿ ತಣಿಯುತ್ತದೆ. ಹಚ್ಚಿದ ಮೇಲೆ ಸಣ್ಣ ರೋಲರಿನಿಂದ ಅಲ್ಯೂಮಿನಿಯಂ ಮೇಲಿನ ಗುರುತುಗಳು ಚಪ್ಪಟೆಯಾಗುವ ತನಕ ಒತ್ತಬೇಕು. ರೋಲರ್ ಸಿಗದೆ ನಾನು ಬಳಸಿದ್ದು ಮನೆಯ ಲಟ್ಟಣಿಗೆಯ ಹಿಡಿಯನ್ನು. ಅದನ್ನು ತೊಳೆದು ಒಳಗಿಟ್ಟ ನಂತರವೂ ಎರಡು ದಿನ ಮನೆಯಲ್ಲಿ ಅದರ ಚರ್ಚೆ ನಡೆಯಿತು.

ಒಳತಗಡಿನ ದೊಡ್ಡ ತೂತಿನ ಮೇಲೆ ಬ್ಯೂಟೈಲ್ ಶೀಟನ್ನು ಹಾಗೆಯೇ ಎಳೆದು ಅಂಟಿಸುವವರಿದ್ದಾರೆ. ಅದು ಡೋಲಿನ ಚರ್ಮದಂತೆ ಬಡಿದುಕೊಳ್ಳುತ್ತದೆ, ಬಿಸಿಲಿಗೆ ಜೋತುಬೀಳುತ್ತದೆ, ಮುಂದೆ ಗ್ಲಾಸಿನ ಯಂತ್ರ ಕೆಟ್ಟರೆ ಹರಿದು ತೆಗೆಯಬೇಕಾಗುತ್ತದೆ. ಆದ್ದರಿಂದ ಪೇಟೆಯ ಬೋರ್ಡ್ ಬರೆಯುವವರಲ್ಲಿ ಉಳಿದಿದ್ದ ಅಲ್ಯೂಮಿನಿಯಂ ಶೀಟನ್ನು ತಂದು, ರಟ್ಟಿನಲ್ಲಿ ಅಚ್ಚು ತೆಗೆದು, ತೂತಿಗಿಂತ ಸುತ್ತಲೂ ಎರಡು ಸೆಂಟಿಮೀಟರ್ ಹೆಚ್ಚು ಬಿಟ್ಟು ಕತ್ತರಿಸಿ, ಅಂಚಿಗೆ ಬ್ಯೂಟೈಲಿನ ಪಟ್ಟಿ ಕೊಟ್ಟು, ರಿವೆಟ್ ಹೊಡೆಯದೆ ಎಂಟು ಸ್ಕ್ರೂಗಳಿಂದ ಬಿಗಿದೆ. ಚಿಕ್ಕ ತೂತುಗಳಿಗೆ ಮಾತ್ರ ಬರೀ ಶೀಟು ಸಾಕಾಯಿತು. ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಬಾಗಿಲಿನ ತಳದಲ್ಲಿ ಮಳೆನೀರು ಹರಿದುಹೋಗಲು ಬಿಟ್ಟಿರುವ ಸಣ್ಣ ಕಂಡಿಗಳನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಗ್ಲಾಸಿನ ಪಕ್ಕದ ರಬ್ಬರ್ ಪಟ್ಟಿಯನ್ನು ದಾಟಿ ಬಾಗಿಲೊಳಗೆ ನೀರು ಇಳಿಯುವುದು ಸಹಜ. ಮಲೆನಾಡಿನ ಜುಲೈ ತಿಂಗಳಿನಲ್ಲಿ ಆ ಕಂಡಿಗಳು ಮುಚ್ಚಿದರೆ ಬಾಗಿಲು ಬಾನಿಯಾಗುತ್ತದೆ, ತುಕ್ಕು ತಳದಿಂದ ತಿನ್ನುತ್ತಾ ಬರುತ್ತದೆ.

ಎರಡೂ ಬಾಗಿಲುಗಳಿಗೆ ಇಷ್ಟು ಮಾಡಿ, ಇನ್ನೂ ಹಳೆಯ ಸ್ಪೀಕರುಗಳೇ ಇದ್ದಾಗ ಒಮ್ಮೆ ಹಾಕಿ ಕೇಳಿದೆವು. ಬಾಗಿಲು ಮುಚ್ಚುವ ಸದ್ದೇ ಬದಲಾಗಿತ್ತು. ಮೊದಲು ‘ಢಣಾರ್’ ಎನ್ನುತ್ತಿದ್ದದ್ದು ಈಗ ‘ಢಪ್’ ಎನ್ನುತ್ತಿತ್ತು.

ಸ್ಪೀಕರಿನ ಆಯ್ಕೆಯಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ‘ಮ್ಯಾಕ್ಸ್’ ವ್ಯಾಟನ್ನು ಬಿಟ್ಟು, ಸಣ್ಣ ಅಕ್ಷರದಲ್ಲಿರುವ ಸೆನ್ಸಿಟಿವಿಟಿಯನ್ನು ನೋಡಿದೆ. ಒಂದೇ ವ್ಯಾಟಿಗೆ ಒಂದು ಸ್ಪೀಕರ್ 88 ಡೆಸಿಬೆಲ್, ಇನ್ನೊಂದು 91 ಡೆಸಿಬೆಲ್ ಕೊಡುತ್ತದೆಂದರೆ, ಮೊದಲನೆಯದು ಎರಡನೆಯದರಷ್ಟು ಗಟ್ಟಿಯಾಗಿ ಕೇಳಲು ಎರಡು ಪಟ್ಟು ವ್ಯಾಟ್ ಬೇಡುತ್ತದೆ. ಮೂರು ಡೆಸಿಬೆಲ್ಲಿನ ಆ ವ್ಯತ್ಯಾಸಕ್ಕೆ ಆಂಪ್ಲಿಫೈಯರಿನಲ್ಲಿ ತೆರಬೇಕಾದ ಹಣವನ್ನು ನೆನೆದರೆ ಯಾವುದನ್ನು ಕೊಳ್ಳಬೇಕೆಂಬುದು ಸ್ಪಷ್ಟ. 91 ಡೆಸಿಬೆಲ್ಲಿನ, ಪಾಲಿಪ್ರೊಪಿಲೀನ್ ಕೋನಿನ, ಆರೂವರೆ ಇಂಚಿನ ಕಾಂಪೊನೆಂಟ್ ಜೋಡಿಯೊಂದನ್ನು ತಂದೆ. ಪ್ಲಾಸ್ಟಿಕ್ ಕೋನು ತೇವಕ್ಕೆ ಮೆತ್ತಗಾಗುವುದಿಲ್ಲವೆಂಬುದು ಒಂದು ಕಾರಣ. ಟ್ವೀಟರ್, ಅಂದರೆ ಏರುನಾದದ ಪುಟ್ಟ ಸ್ಪೀಕರ್, ಬೇರೆಯಾಗಿರುವ ಕಾಂಪೊನೆಂಟ್ ಬೇಕೆನಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ಬಾಗಿಲಿನ ಸ್ಪೀಕರ್ ನಮ್ಮ ಮೊಣಕಾಲಿಗೆ ಹಾಡುತ್ತದೆ. ತಗ್ಗಿನ ನಾದ ಮೊಣಕಾಲನ್ನು ಸುತ್ತಿ ಕಿವಿಗೆ ಬರುತ್ತದೆ. ಚಂಡೆಯ ಕೋಲಿನ ತುದಿ, ತಾಳದ ಕಿಣಿ, ಮಾತಿನಲ್ಲಿನ ಸ-ಶ-ಷಗಳು ಬರುವುದಿಲ್ಲ, ಸೀಟಿನ ಬಟ್ಟೆಯಲ್ಲಿ ಇಂಗಿಹೋಗುತ್ತವೆ. ಟ್ವೀಟರನ್ನು ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ, ಮುಂದಿನ ಗಾಜಿನ ಪಕ್ಕದ ಕಂಬದ ಬುಡದಲ್ಲಿ, ಎದುರು ಬದಿಯ ಸೀಟಿನ ಕಡೆಗೆ ಮುಖ ಮಾಡಿ ಕೂರಿಸಿದೆ. ಜೊತೆಗೆ ಬಂದ ಕ್ರಾಸ್‌ಓವರ್ ಡಬ್ಬಿಗಳನ್ನು (ಏರು ಮತ್ತು ತಗ್ಗಿನ ನಾದವನ್ನು ಬೇರ್ಪಡಿಸಿ ಹಂಚುವವು) ಬಾಗಿಲೊಳಗೆ ಹಾಕದೆ ಡ್ಯಾಶ್‌ಬೋರ್ಡಿನ ಕೆಳಗೆ ಒಣಜಾಗದಲ್ಲಿ ಕಟ್ಟಿದೆ.

ಹೊಸ ಸ್ಪೀಕರ್ ನೇರವಾಗಿ ಹಳೆಯ ಜಾಗದಲ್ಲಿ ಕೂರುವುದಿಲ್ಲ. ನಡುವೆ ಒಂದು ರಿಂಗ್ ಬೇಕು. ಅಂಗಡಿಯಲ್ಲಿ ಸಿಗುವ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ರಿಂಗು ಅಗ್ಗ, ಆದರೆ ಒಂದು ಮಳೆಗಾಲಕ್ಕೆ ಅದು ನೆನೆದ ಬಿಸ್ಕತ್ತಿನಂತೆ ಉಬ್ಬುತ್ತದೆ. ಅಡುಗೆಮನೆಯ ಕಪಾಟಿಗೆ ಬಳಸುವ ಪಿವಿಸಿ ಫೋಮ್ ಬೋರ್ಡಿನ 18 ಮಿಲಿಮೀಟರ್ ದಪ್ಪದ ಚೂರು ನಮ್ಮ ಬಡಗಿಯ ಬಳಿ ಇತ್ತು. ಜಿಗ್‌ಸಾದಿಂದ ಎರಡು ರಿಂಗ್ ಕೊಯ್ದು, ಸ್ಕ್ರೂ ತೂತುಗಳನ್ನು ಕೊರೆದು, ಎಡಬಾಗಿಲಿಗೆ ಕೂರಿಸಿ, ಸ್ಪೀಕರನ್ನು ಬಿಗಿದು, ಡೋರ್ ಪ್ಯಾಡನ್ನೂ ಹಾಕಿ ಮುಗಿಸಿದಾಗ ನೋಡುತ್ತಾ ನಿಂತಿದ್ದ ಅಕ್ಕನ ಮಗ ಕೇಳಿದ: “ಮಾವ, ಗ್ಲಾಸ್ ಇಳಿಸಿ ನೋಡಿದ್ರಾ?”

ನೋಡಿರಲಿಲ್ಲ. ಹ್ಯಾಂಡಲ್ ತಿರುಗಿಸಿದಾಗ ಗ್ಲಾಸು ಮುಕ್ಕಾಲು ಇಳಿದು ‘ಟಕ್’ ಎಂದು ನಿಂತಿತು. ಸ್ಪೀಕರಿನ ಮ್ಯಾಗ್ನೆಟ್ಟಿಗೆ ತಾಗಿತ್ತು. ಇನ್ನೊಂದು ಸುತ್ತು ಬಲವಾಗಿ ತಿರುಗಿಸಿದ್ದರೆ ಗ್ಲಾಸು ಸೀಳುತ್ತಿತ್ತು. ಮತ್ತೆ ಎಲ್ಲವನ್ನೂ ಬಿಚ್ಚಿ ಅಳೆದೆ. ಒಳತಗಡಿನ ಮುಖದಿಂದ ಇಳಿದ ಗ್ಲಾಸಿನವರೆಗೆ 46 ಮಿಲಿಮೀಟರ್ ಇತ್ತು. ಸ್ಪೀಕರಿನ ಆಳ 66. ರಿಂಗು 18 ಮಿಲಿಮೀಟರ್ ಮಾತ್ರ ಹೊರಕ್ಕೆ ತರುತ್ತಿದ್ದುದರಿಂದ ಎರಡು ಮಿಲಿಮೀಟರ್ ಕೊರತೆ ಬಿದ್ದಿತ್ತು. ಅದೇ ಬೋರ್ಡಿನ 6 ಮಿಲಿಮೀಟರ್ ದಪ್ಪದ ಇನ್ನೊಂದು ರಿಂಗನ್ನು ಕೊಯ್ದು ಮೊದಲನೆಯದರ ಮೇಲೆ ಅಂಟಿಸಿದಾಗ ನಾಲ್ಕು ಮಿಲಿಮೀಟರ್ ಬಿಡುವು ಸಿಕ್ಕಿತು. ಸ್ಪೀಕರಿನ ಮುಖ ಡೋರ್ ಪ್ಯಾಡಿನ ಜಾಲರಿಗೆ ತಾಗದಂತೆಯೂ ನೋಡಿಕೊಂಡೆ. ರಿಂಗಿನ ಮತ್ತು ಜಾಲರಿಯ ನಡುವೆ ಉಳಿದ ಸಂದಿಗೆ ಫೋಮ್ ಪಟ್ಟಿಯನ್ನು ಸುತ್ತಿದ್ದರಿಂದ ದನಿ ಡೋರ್ ಪ್ಯಾಡಿನ ಹಿಂದೆ ಚೆಲ್ಲದೆ ನೇರವಾಗಿ ಹೊರಗೆ ಬಂತು.

ಸೆಟ್ಟಿನ ಆ 18 ವ್ಯಾಟಿಗೆ ಬಲ ಕೊಡಲು ಹಾಕಿದ ಆಂಪ್ಲಿಫೈಯರ್ ಹಳೆಯದು, ಪರಿಚಿತರೊಬ್ಬರು ಕಾರು ಮಾರುವಾಗ ಬಿಚ್ಚಿಟ್ಟದ್ದು. ನಾಲ್ಕು ಚಾನೆಲ್, ಪ್ರತಿಯೊಂದಕ್ಕೂ 4 ಓಮಿಗೆ 45 ವ್ಯಾಟ್ ಆರ್‌ಎಂಎಸ್, ಹಿಂದಿನ ಎರಡನ್ನು ಬ್ರಿಜ್ ಮಾಡಿದರೆ, ಅಂದರೆ ಒಂದಾಗಿ ಜೋಡಿಸಿದರೆ, 110 ವ್ಯಾಟ್. ಸ್ಪೀಕರ್ ವೈರನ್ನೇ ನೇರವಾಗಿ ತೆಗೆದುಕೊಳ್ಳುವ ಹೈ ಲೆವೆಲ್ ಇನ್‌ಪುಟ್ ಅದಕ್ಕಿದ್ದುದರಿಂದ ಆರ್‌ಸಿಎ ಎಂಬ, ಆಂಪ್ಲಿಫೈಯರಿಗೆ ಸಿಗ್ನಲ್ ಕೊಡುವ ತೂತಿಲ್ಲದ ನನ್ನ ಹಳೆಯ ಸೆಟ್ಟಿಗೆ ಹೇಳಿ ಮಾಡಿಸಿದಂತಿತ್ತು. ಮುಂದಿನ ಎರಡು ಚಾನೆಲ್ ಬಾಗಿಲಿಗೆ, ಬ್ರಿಜ್ ಮಾಡಿದ ಹಿಂದಿನವು ತಗ್ಗಿನ ನಾದಕ್ಕೆಂದೇ ಇರುವ ವೂಫರ್ ಎಂಬ ಸ್ಪೀಕರಿಗೆ ಎಂದು ಹಂಚಿದೆ. ಗಾಡಿಯ ವೈರನ್ನು ಕತ್ತರಿಸದೆ ಐಎಸ್‌ಒ ಕಪ್ಲರ್ (ವೈರು ಸೇರಿಸುವ ಪ್ಲಗ್ಗು) ಜೋಡಿಯೊಂದನ್ನು ನಡುವೆ ಸೇರಿಸಿದೆ. ಮಾರುಕಟ್ಟೆಯ ಕಪ್ಲರಿನಲ್ಲಿ ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ; ಕಪ್ಪು ಗೆರೆ ಇರುವುದು ಅದೇ ಬಣ್ಣದ ನೆಗೆಟಿವ್. ಆಂಪ್ಲಿಫೈಯರನ್ನು ಎಬ್ಬಿಸುವ ರಿಮೋಟ್ ವೈರಿಗೆ ಸೆಟ್ಟಿನ ಆಂಟೆನಾಗೆಂದು ಬಿಟ್ಟಿರುವ ನೀಲಿ ವೈರನ್ನು ಬಳಸಿದೆ. ಕೆಲವು ಸೆಟ್ಟುಗಳಲ್ಲಿ ಅದಕ್ಕೆ ರೇಡಿಯೋ ಹಾಕಿದಾಗ ಮಾತ್ರ ವಿದ್ಯುತ್ ಬರುತ್ತದೆ. ನನ್ನದರಲ್ಲಿ ಯುಎಸ್‌ಬಿಯಲ್ಲಿಯೂ ಆಕ್ಸ್‌ನಲ್ಲಿಯೂ 12 ವೋಲ್ಟ್ ಬರುತ್ತದೆಂದು ಮಲ್ಟಿಮೀಟರಿನಿಂದ ಖಚಿತಪಡಿಸಿಕೊಂಡೆ.

ಪವರ್ ವೈರಿನ ವಿಷಯದಲ್ಲಿ ಹಣ ಉಳಿಸಲು ಒಂದು ದಾರಿಯಿದೆ. ‘ಆಂಪ್ ಕಿಟ್’ ಎಂದು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಮಿನುಗುವ ದಪ್ಪ ವೈರುಗಳಲ್ಲಿ ಬಹುಪಾಲು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಚಾಕುವಿನಿಂದ ಒಂದು ಎಳೆಯನ್ನು ಕೆರೆದರೆ ಒಳಗಿನ ಬಿಳುಪು ಕಾಣುತ್ತದೆ. ಅದರ ಬದಲು ಮನೆಯ ವೈರಿಂಗಿಗೆ ಬಳಸುವ 6 ಚದರ ಮಿಲಿಮೀಟರಿನ ತಾಮ್ರದ ಫ್ಲೆಕ್ಸಿಬಲ್ ವೈರನ್ನು ಎಲೆಕ್ಟ್ರಿಕಲ್ ಅಂಗಡಿಯಿಂದ ಮೀಟರ್ ಲೆಕ್ಕದಲ್ಲಿ ತಂದೆ. ಲೆಕ್ಕ ಹೀಗಿದೆ: ಬಾಗಿಲಿನ 90 ವ್ಯಾಟ್, ವೂಫರಿನ 110 ವ್ಯಾಟ್ ಸೇರಿ 200; ಕ್ಲಾಸ್ ಎಬಿ ಎಂಬ ಬಗೆಯ ಆಂಪ್ಲಿಫೈಯರ್ ಅದರ ಎರಡು ಪಟ್ಟಿಗೆ ಹತ್ತಿರ ಎಳೆಯುವುದರಿಂದ ಸುಮಾರು 26 ಆಂಪಿಯರ್. ಈ ವೈರಿನ ಪ್ರತಿರೋಧ ಮೀಟರಿಗೆ 3.3 ಮಿಲಿ ಓಮ್; ನಾಲ್ಕೂವರೆ ಮೀಟರಿಗೆ 0.4 ವೋಲ್ಟಿನಷ್ಟು ಇಳಿತ. ಅದೂ ಪೂರ್ತಿ ವಾಲ್ಯೂಮಿನಲ್ಲಿ ಮಾತ್ರ. ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ 30 ಆಂಪಿಯರ್ ಫ್ಯೂಸನ್ನು ಕೂರಿಸಿದೆ. ಈ ಫ್ಯೂಸು ಇರುವುದು ಆಂಪ್ಲಿಫೈಯರನ್ನು ಕಾಯಲು ಎಂದು ಹಲವರು ತಿಳಿದು ಅದನ್ನು ಸೀಟಿನ ಕೆಳಗೆ ಹಾಕುತ್ತಾರೆ. ಅದು ಕಾಯುವುದು ವೈರನ್ನು. ತಗಡಿಗೆ ಉಜ್ಜಿ ವೈರಿನ ಸಿಪ್ಪೆ ಹರಿದ ದಿನ ಬ್ಯಾಟರಿಯ ಬಳಿ ಫ್ಯೂಸ್ ಇಲ್ಲದಿದ್ದರೆ ಗಾಡಿ ಹೊತ್ತಿಕೊಳ್ಳುತ್ತದೆ. ಮನೆವೈರಿನ ಪಿವಿಸಿ ಸಿಪ್ಪೆ 70 ಡಿಗ್ರಿಯ ಬಿಸಿಗೆ ಮಾತ್ರ ಮಾಡಿದ್ದಾದ್ದರಿಂದ, ಎಂಜಿನ್ನಿನ ಬಳಿ ಅದನ್ನು ಸೈಲೆನ್ಸರ್ ಪೈಪಿನಿಂದ ದೂರ ಹಾಯಿಸಿ, ಸುಕ್ಕುಗಟ್ಟಿದ ಕಾಂಡ್ಯೂಟ್ ಪೈಪಿನೊಳಗೆ ತೂರಿಸಿ, ಕ್ಯಾಬಿನ್ನಿನ ತಗಡನ್ನು ದಾಟುವಲ್ಲಿ ರಬ್ಬರ್ ಗ್ರೋಮೆಟ್ ಕೊಟ್ಟೆ. ನಮ್ಮ ಕಡೆ ಆ ಕಾಂಡ್ಯೂಟಿಗೆ ಇಲಿಯ ಹಲ್ಲೂ ಒಂದು ಕಾರಣ.

ಅರ್ತ್ ವೈರನ್ನು ಹಿಂದಿನ ಸೀಟಿನ ಬೋಲ್ಟಿಗೆ ಸಿಕ್ಕಿಸಿದೆ. ಆ ರಾತ್ರಿ ಸೆಟ್ಟನ್ನು ಹಾಕಿದಾಗ ದನಿ ಬೆರಗು ಹುಟ್ಟಿಸುವಷ್ಟು ಚೆನ್ನಾಗಿತ್ತು. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದಾಗ ಸ್ಪೀಕರಿನಿಂದ ಸೊಳ್ಳೆಯಂತೆ ‘ಕುಂಯ್’ ಎಂಬ ಸದ್ದು. ಆಕ್ಸಿಲರೇಟರ್ ಒತ್ತಿದರೆ ಅದೂ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಎಂಜಿನ್ ತಿರುಗಿಸುವ ವಿದ್ಯುತ್ ಯಂತ್ರವಾದ ಆಲ್ಟರ್ನೇಟರಿನ ಸದ್ದೆಂದು ಯಾರಿಗಾದರೂ ತಿಳಿಯುತ್ತದೆ. ಅದು ಯಾವ ದಾರಿಯಿಂದ ಒಳಗೆ ಬಂತೆಂಬುದನ್ನು ಕಂಡುಹಿಡಿಯಲು ನನಗೆ ಮೂರು ದಿನ ಬೇಕಾಯಿತು.

ಮೊದಲು ಅನುಮಾನ ಬಂದದ್ದು ಅರ್ತಿನ ಮೇಲೆ. ವಾಲ್ಯೂಮ್ ಏರಿಸಿಟ್ಟು ಆಂಪ್ಲಿಫೈಯರಿನ ಅರ್ತ್ ತುದಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮೀಟರ್ ಹಿಡಿದರೆ 0.6 ವೋಲ್ಟ್ ತೋರಿಸಿತು. ಬೋಲ್ಟಿನ ಅಡಿಯಲ್ಲಿ ಪೇಂಟು, ಅದರಡಿಯಲ್ಲಿ ತುಕ್ಕುನಿರೋಧಕ ಬಳಿದದ್ದನ್ನು ನಾನು ಕೆರೆದಿರಲಿಲ್ಲ. ಹೊಳೆಯುವ ತಗಡು ಕಾಣುವವರೆಗೆ ಉಜ್ಜುಕಾಗದದಿಂದ ಕೆರೆದು, ಥಿಂಬಲ್ಲನ್ನು ಸರಿಯಾಗಿ ಒತ್ತಿಸಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಬಳಿದ ಮೇಲೆ 0.05 ವೋಲ್ಟಿಗೆ ಇಳಿಯಿತು. ಅದು ಆಗಲೇಬೇಕಿದ್ದ ಕೆಲಸ. ಸದ್ದು ಮಾತ್ರ ಹೋಗಲಿಲ್ಲ. ಎರಡನೆಯ ದಿನ ಪವರ್ ವೈರು ಎಡಬದಿಯಲ್ಲಿ, ಸಿಗ್ನಲ್ ವೈರು ಬಲಬದಿಯಲ್ಲಿ ಹೋಗುವಂತೆ ಮ್ಯಾಟ್ ಎತ್ತಿ ಮತ್ತೆ ಹಾಯಿಸಿದೆ. ಆಗಲೂ ಹೋಗಲಿಲ್ಲ. ಪೇಟೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಆಲ್ಟರ್ನೇಟರನ್ನೇ ಬದಲಿಸಬೇಕಾದೀತೆಂದರು.

ಮೂರನೆಯ ದಿನ ಒಂದೊಂದನ್ನೇ ಕಳಚುತ್ತಾ ಬಂದೆ. ಯುಎಸ್‌ಬಿ ಪೆನ್‌ಡ್ರೈವಿನಲ್ಲಿ ಹಾಡಿಸಿದರೆ ಸದ್ದಿಲ್ಲ. ಆಕ್ಸಿಗೆ ಬದಲಿಸಿದರೆ ಸದ್ದಿದೆ. ಫೋನಿನಿಂದ ಹಾಡಿಸಲೆಂದು ಕೊಂಡಿದ್ದ ಪುಟ್ಟ ಬ್ಲೂಟೂತ್ ರಿಸೀವರ್ ಆಕ್ಸ್ ತೂತಿನಲ್ಲಿತ್ತು. ಅದರ ಚಾರ್ಜರ್ ಸಿಗರೇಟ್ ಲೈಟರ್ ಸಾಕೆಟ್ಟಿನಲ್ಲಿತ್ತು. ಚಾರ್ಜರನ್ನು ಎಳೆದಾಗ ರಿಸೀವರ್ ತನ್ನೊಳಗಿನ ಬ್ಯಾಟರಿಯಲ್ಲಿ ಹಾಡುತ್ತಲೇ ಇತ್ತು, ಸೊಳ್ಳೆ ಸತ್ತಿತ್ತು. ರಿಸೀವರಿಗೆ ಅರ್ತ್ ಎರಡು ದಾರಿಗಳಿಂದ ಸಿಗುತ್ತಿತ್ತು, ಒಂದು ಚಾರ್ಜರಿನ ಮೂಲಕ, ಇನ್ನೊಂದು ಆಕ್ಸ್ ವೈರಿನ ಮೂಲಕ ಸೆಟ್ಟಿನಿಂದ. ಈ ಎರಡರ ನಡುವಿನ ಮಿಲಿವೋಲ್ಟುಗಳ ವ್ಯತ್ಯಾಸವನ್ನು ಹೊಸದಾಗಿ ಹಾಕಿದ ಆಂಪ್ಲಿಫೈಯರ್ ಹಾಡಿನ ಜೊತೆಗೇ ಎತ್ತಿಹಿಡಿಯುತ್ತಿತ್ತು. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರುಗಳಿರುವ ಗ್ರೌಂಡ್ ಲೂಪ್ ಐಸೋಲೇಟರ್ ಎಂಬ ಬೆರಳುದ್ದದ ಡಬ್ಬಿಯನ್ನು ಆಕ್ಸ್ ವೈರಿನ ನಡುವೆ ಹಾಕಿದಾಗ, 250 ರೂಪಾಯಿಗೆ ಆ ತಾಪತ್ರಯ ಮುಗಿಯಿತು. ಆಲ್ಟರ್ನೇಟರ್ ಇಂದಿಗೂ ಅದೇ ಇದೆ.

ಗೇನನ್ನು, ಅಂದರೆ ಸೆಟ್ಟಿನ ಸಿಗ್ನಲ್ಲಿಗೆ ಆಂಪ್ಲಿಫೈಯರನ್ನು ಹೊಂದಿಸುವ ಗುಂಡಿಯನ್ನು, ವಾಲ್ಯೂಮ್ ಎಂದು ತಿಳಿದು ಪೂರ್ತಿ ತಿರುಗಿಸುವ ರೂಢಿಯಿಂದಲೇ ಅರ್ಧಕ್ಕರ್ಧ ಟ್ವೀಟರುಗಳು ಸುಡುತ್ತವೆಂದು ನನ್ನ ಅನಿಸಿಕೆ. ನಾನು ಅದನ್ನು ಮಲ್ಟಿಮೀಟರಿನಿಂದ ಹೊಂದಿಸಿದೆ. ಅಗ್ಗದ ಮಲ್ಟಿಮೀಟರುಗಳ ಎಸಿ ಅಳತೆ 400 ಹರ್ಟ್ಸ್‌ನವರೆಗೆ ಮಾತ್ರ ನಂಬುವಂತಿರುವುದರಿಂದ 400 ಹರ್ಟ್ಸ್‌ನ ಟೋನನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಸ್ಪೀಕರ್ ವೈರುಗಳನ್ನು ಕಳಚಿ, ಮೊದಲು ಸೆಟ್ಟಿನ ಮಿತಿಯನ್ನು ಹುಡುಕಿದೆ. ವಾಲ್ಯೂಮ್ 30ರಲ್ಲಿ 5.2 ವೋಲ್ಟ್, 32ರಲ್ಲಿ 6.1, 34ರಲ್ಲಿ 7.0, 35ರಲ್ಲಿ 7.3, 36ರಲ್ಲಿ 7.4. ಸಮನಾಗಿ ಏರುತ್ತಿದ್ದದ್ದು 34ರ ನಂತರ ಕುಂಟುತ್ತದೆಂದರೆ ಅಲೆಯ ತಲೆ ಅಲ್ಲಿ ಕತ್ತರಿಸಿಹೋಗುತ್ತಿದೆಯೆಂದು ಅರ್ಥ. ಒಂದು ಮೆಟ್ಟಿಲು ಕೆಳಗೆ, 33ಕ್ಕೆ ನಿಲ್ಲಿಸಿ, ಆಂಪ್ಲಿಫೈಯರಿನ ಹೊರಬದಿಯಲ್ಲಿ ಅಳೆಯುತ್ತಾ ಗೇನ್ ಏರಿಸಿದೆ. 45 ವ್ಯಾಟನ್ನು 4 ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ 13.4 ವೋಲ್ಟ್. ಅಲ್ಲಿಗೆ ತಲುಪಿದಾಗ ನಿಲ್ಲಿಸಿದೆ. ವೂಫರಿನ ಬದಿಗೆ 50 ಹರ್ಟ್ಸ್‌ನ ಟೋನಿನಲ್ಲಿ 21 ವೋಲ್ಟ್. ಗುಂಡಿಯ ಸುತ್ತ ಬಿಳಿ ಪೇಂಟಿನ ಚುಕ್ಕೆ ಇಟ್ಟಿದ್ದೇನೆ. ಸೆಟ್ಟಿನ ವಾಲ್ಯೂಮ್ 33ನ್ನು ದಾಟಬಾರದೆಂದು ಮನೆಯವರಿಗೆಲ್ಲ ಹೇಳಿದ್ದೇನೆ.

ವೂಫರ್ ಬೇಕೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಎಂಜಿನ್ನು. ಗಾಡಿ ನಿಂತಾಗ ಬಾಗಿಲಿನ ಸ್ಪೀಕರಿನಲ್ಲಿಯೇ ಮದ್ದಳೆ ತುಂಬಿ ಬರುತ್ತಿತ್ತು. ಓಡುವಾಗ ಅದು ಎಲ್ಲಿಗೋ ಹೋಗುತ್ತಿತ್ತು. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಬಾರಿ ಸಿಡಿಯುತ್ತದೆ. ನಿಮಿಷಕ್ಕೆ 2,000 ಸುತ್ತಿನಲ್ಲಿ ಅದು ಸೆಕೆಂಡಿಗೆ 67 ಸಿಡಿತ, 2,400ರಲ್ಲಿ 80. ಅಂದರೆ ನಾನು ದಿನವೂ ಓಡಿಸುವ ವೇಗದಲ್ಲಿ ಎಂಜಿನ್ನೇ 67ರಿಂದ 80 ಹರ್ಟ್ಸ್‌ನ ಒಂದು ಶ್ರುತಿಪೆಟ್ಟಿಗೆಯಾಗಿ ಕ್ಯಾಬಿನ್ನನ್ನು ತುಂಬಿ, ಆ ಮಟ್ಟದ ನಾದವನ್ನೆಲ್ಲ ನುಂಗುತ್ತದೆ. ಆರೂವರೆ ಇಂಚಿನ ಸ್ಪೀಕರಿನಿಂದ ಅದನ್ನು ಮೀರಿಸಲು ಹೋದರೆ ಮಾತಿನ ಸ್ಪಷ್ಟತೆ ಕೆಡುತ್ತದೆ. ಆದ್ದರಿಂದ ಆಂಪ್ಲಿಫೈಯರಿನಲ್ಲಿ 80 ಹರ್ಟ್ಸ್‌ಗೆ ಗೆರೆ ಎಳೆದು, ಮೇಲಿನದನ್ನು ಬಾಗಿಲಿಗೂ ಕೆಳಗಿನದನ್ನು ಎಂಟು ಇಂಚಿನ ವೂಫರಿಗೂ ಬಿಟ್ಟೆ. ಹಿಂದಿನ ಸೀಟಿನ ಕೆಳಗಿನ 20 ಸೆಂಟಿಮೀಟರ್ ಎತ್ತರದ ಜಾಗಕ್ಕೆ ಹೊಂದುವಂತೆ 18 ಮಿಲಿಮೀಟರ್ ವಾಟರ್‌ಪ್ರೂಫ್ ಪ್ಲೈವುಡ್ಡಿನಲ್ಲಿ 45 × 30 × 15 ಸೆಂಟಿಮೀಟರಿನ ಮುಚ್ಚಿದ ಪೆಟ್ಟಿಗೆ ಮಾಡಿಸಿದೆ. ಒಳಗಳತೆ 12 ಲೀಟರಿಗೆ ತುಸು ಹೆಚ್ಚು, ವೂಫರ್ ತಿನ್ನುವ ಜಾಗ ಕಳೆದರೆ ಹನ್ನೊಂದು ಚಿಲ್ಲರೆ. ಮೂಲೆಗಳಿಗೆ ಒಳಗಿನಿಂದ ಮರದ ಹುಡಿ ಮತ್ತು ಫೆವಿಕಾಲ್ ಕಲಸಿ ಮೆತ್ತಿ, ಮೂರೂವರೆ ಸೆಂಟಿಮೀಟರಿನ ರಬ್ಬರ್ ಬುಷ್ಷುಗಳ ಮೇಲೆ ವೂಫರಿನ ಮುಖ ಕೆಳಗಾಗಿ ನಿಲ್ಲಿಸಿ, ಎರಡು ಪಟ್ಟಿಗಳಿಂದ ನೆಲಕ್ಕೆ ಬಿಗಿದೆ. ಸಡಿಲ ಬಿಟ್ಟರೆ ಬ್ರೇಕ್ ಹಾಕಿದಾಗ ಹತ್ತು ಕಿಲೋ ತೂಕದ ಪೆಟ್ಟಿಗೆ ಮುಂದೆ ಹಾರುತ್ತದೆ.

ಖರ್ಚಿನ ಲೆಕ್ಕ: ಡ್ಯಾಂಪಿಂಗ್ ಶೀಟಿಗೆ 2,200, ರಿಂಗ್ ಮತ್ತು ಅಲ್ಯೂಮಿನಿಯಂ ಶೀಟಿಗೆ 350, ಸ್ಪೀಕರ್ ಜೋಡಿಗೆ 3,800, ಹಳೆಯ ಆಂಪ್ಲಿಫೈಯರಿಗೆ 4,500, ವೈರು, ಫ್ಯೂಸು, ಕಪ್ಲರುಗಳಿಗೆ 1,450, ಬ್ಲೂಟೂತ್ ರಿಸೀವರಿಗೆ 600, ಐಸೋಲೇಟರ್ ಸೇರಿದಂತೆ ಚಿಲ್ಲರೆ ಸಾಮಾನಿಗೆ 700, ವೂಫರಿಗೆ 1,900, ಪೆಟ್ಟಿಗೆಗೆ 600. ಒಟ್ಟು 16,100 ರೂಪಾಯಿ. ವೂಫರನ್ನು ಬಿಟ್ಟಿದ್ದರೆ ಮಿತಿಯೊಳಗೇ ಮುಗಿಯುತ್ತಿತ್ತು. ಮತ್ತೊಮ್ಮೆ ಮಾಡಬೇಕಾಗಿ ಬಂದರೆ ಸ್ಪೀಕರಿನಲ್ಲಿ ಒಂದು ಸಾವಿರ ಉಳಿಸಿ ವೂಫರನ್ನು ಉಳಿಸಿಕೊಳ್ಳುತ್ತೇನೆ. ಬಾಗಿಲಿನ 2,550 ರೂಪಾಯಿಯಲ್ಲಿ ಒಂದು ಪೈಸೆಯನ್ನೂ ಕಡಿಮೆ ಮಾಡುವುದಿಲ್ಲ.

ಇದೆಲ್ಲ ಮುಗಿದದ್ದು ಬೇಸಿಗೆಯಲ್ಲಿ. ಒಂದು ಮಳೆಗಾಲ ಕಳೆದು ದಸರಾ ಹೊತ್ತಿಗೆ ಎಡಬಾಗಿಲನ್ನು ಮತ್ತೆ ಬಿಚ್ಚಿದೆ. ಕೋನು ಒಣಗಿತ್ತು, ಫೋಮ್ ಬೋರ್ಡಿನ ರಿಂಗು ಕೊಯ್ದ ದಿನದಂತೆಯೇ ಇತ್ತು, ಅಲ್ಯೂಮಿನಿಯಂ ಮುಚ್ಚಳದ ಎಂಟು ಸ್ಕ್ರೂಗಳಲ್ಲಿ ಎರಡಕ್ಕೆ ತುಕ್ಕು ಹಿಡಿದಿತ್ತು. ಬಾಗಿಲಿನ ತಳದ ಕಂಡಿಯೊಂದರಲ್ಲಿ ಗ್ಲಾಸಿನ ಸಂದಿಯಿಂದ ಇಳಿದ ದರಕಿನ (ಒಣಗಿದ ಎಲೆಗಳ) ಪುಡಿ ಕಟ್ಟಿಕೊಂಡು ಬೆರಳುದ್ದ ನೀರು ನಿಂತಿತ್ತು. ಸೈಕಲ್ಲಿನ ಕಡ್ಡಿಯಿಂದ ಅದನ್ನು ತಿವಿದು ನೀರನ್ನು ಬಿಟ್ಟು, ತುಕ್ಕು ಹಿಡಿದ ಎರಡನ್ನು ಸ್ಟೇನ್‌ಲೆಸ್ ಸ್ಕ್ರೂಗಳಿಗೆ ಬದಲಿಸಿ, ಗ್ಲಾಸನ್ನು ಪೂರ್ತಿ ಇಳಿಸಿ ಏರಿಸಿ ನೋಡಿದ ಮೇಲೆಯೇ ಡೋರ್ ಪ್ಯಾಡನ್ನು ಮುಚ್ಚಿದೆ.